ಮಳೆಯೂ ದಂಡ, ಬಿಲ್ಲೂ ದಂಡ

ಜೋರು ಮಳೆ. ನಮ್ಮ ಬೀದಿಯ ಕೊನೆ ಮನೆ ಯಜಮಾನರು ಗೇಟಿನ ಹತ್ತಿರ ಕೊಡೆ ಹಿಡಿದು ನಿಂತಿದ್ದರು. ಅವರ ತಾರಸಿಯಿಂದ ಇಳಿದ ನಾಲ್ಕಿಂಚಿನ ಪೈಪು ಮೋರಿಗೆ ಭೋರ್ ಅಂತ ನೀರು ಸುರಿಯುತ್ತಿತ್ತು. ಅವರ ಪ್ಯಾಂಟು ಮೊಣಕಾಲಿನವರೆಗೂ ಒದ್ದೆ.

"ಏನ್ ಸಾರ್, ಮಳೆ ನೋಡ್ತಿದ್ದೀರಾ?" ಅಂದೆ.

"ಇಲ್ರೀ, ಟ್ಯಾಂಕರ್‌ಗೆ ಕಾಯ್ತಿದ್ದೀನಿ" ಅಂದರು.

ನಗಬೇಡಿ. ನಮ್ಮ ಮನೆ ಮುಂದಿನ ಪೈಪೂ ಮೊನ್ನೆ ಮೊನ್ನೆಯವರೆಗೆ ಅದೇ ಮೋರಿಗೇ ಸುರಿಯುತ್ತಿತ್ತು. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ಮಿಲಿಮೀಟರ್ ಅಂದರೆ ನಮಗೆ ಏನೂ ಅನಿಸುವುದಿಲ್ಲ, ಅದಕ್ಕೇ ಲೀಟರಿಗೆ ಇಳಿಸೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30-40 ಸೈಟು ಅಂದರೆ ಸುಮಾರು 111 ಚದರ ಮೀಟರ್. ಗುಣಿಸಿ ನೋಡಿ, ವರ್ಷಕ್ಕೆ ಒಂದು ಲಕ್ಷ ಲೀಟರಿಗಿಂತ ಜಾಸ್ತಿ. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಒಂಬತ್ತು ಲೋಡು. ಫೋನ್ ಮಾಡದೆ, ಅಡ್ವಾನ್ಸ್ ಕೊಡದೆ, ರಿವರ್ಸ್ ತೆಗೆಯುವಾಗ ಕಾಂಪೌಂಡಿಗೆ ಗುದ್ದಿಸಿಕೊಳ್ಳದೆ, ನೇರ ತಾರಸಿಗೇ ಡೆಲಿವರಿ. 2024ರ ಮಾರ್ಚಿನಲ್ಲಿ ಜಿಲ್ಲಾಡಳಿತ ಇಂಥ ಒಂದು ಲೋಡಿಗೆ, ಐದು ಕಿಲೋಮೀಟರ್ ಒಳಗಾದರೆ, ಸಾವಿರ ರೂಪಾಯಿ ಅಂತ ರೇಟು ನಿಗದಿ ಮಾಡಿತ್ತು. ಆ ರೇಟಿಗೆ ನಿಮಗೆ ನೀರು ಸಿಕ್ಕಿದ್ದರೆ ನೀವು ಪುಣ್ಯವಂತರು.

ಇನ್ನು ಇಡೀ ಊರಿನ ಲೆಕ್ಕ. ಸುಮಾರು 700 ಚದರ ಕಿಲೋಮೀಟರ್ ಊರಿನ ಮೇಲೆ ಬೀಳುವ ಮಳೆ ಹೆಚ್ಚುಕಡಿಮೆ 24 ಟಿಎಂಸಿ ಆಗುತ್ತದೆ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಎಲ್ಲವನ್ನೂ ಹಿಡಿಯೋಕಾಗಲ್ಲ, ಒಪ್ಪಿದೆ. ಸ್ವಲ್ಪ ಆವಿಯಾಗುತ್ತದೆ, ಸ್ವಲ್ಪ ಮಣ್ಣು ಕುಡಿಯುತ್ತದೆ (ಮಣ್ಣು ಎಲ್ಲಾದರೂ ಉಳಿದಿದ್ದರೆ). ಆದರೂ ಒಂದು ನೆನಪಿರಲಿ. ಕಾವೇರಿ ನೀರಿಗಾಗಿ ವರ್ಷಗಟ್ಟಲೆ ಕೋರ್ಟಿನಲ್ಲಿ ಬಡಿದಾಡಿದ ಮೇಲೆ 2018ರಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿನ ಕುಡಿಯುವ ನೀರಿಗೆ ಅಂತ ಹೆಚ್ಚಿಗೆ ಕೊಟ್ಟದ್ದು 4.75 ಟಿಎಂಸಿ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದರು ಅಂತಾರಲ್ಲ, ನಾವು ಬೆಣ್ಣೆಯನ್ನು ಮೋರಿಗೆ ಚೆಲ್ಲಿ, ಕೈ ತೊಳೆದುಕೊಂಡು, ಆಮೇಲೆ ತುಪ್ಪಕ್ಕೆ ಹೊರಟವರು.

ಮೋರಿಗೆ ಚೆಲ್ಲಿದ ಬೆಣ್ಣೆ ಎಲ್ಲಿಗೆ ಹೋಗುತ್ತದೆ ಗೊತ್ತಾ? ಬೆಂಗಳೂರು ಕೂತಿರುವುದು ದಿಬ್ಬದ ಮೇಲೆ, ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ. ಮಳೆ ಬಿದ್ದರೆ ನೀರು ಎರಡೂ ಕಡೆಗೆ ಜಾರುತ್ತದೆ. ಪಶ್ಚಿಮದ ಕಡೆಯದು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಸಂಗಮದಲ್ಲಿ ಕಾವೇರಿಗೆ. ಪೂರ್ವದ್ದು ದಕ್ಷಿಣ ಪಿನಾಕಿನಿಗೆ. ಎರಡೂ ದಾರಿ ಕೊನೆಗೆ ಹೋಗಿ ಸೇರುವುದು ತಮಿಳುನಾಡನ್ನೇ. ಒಂದು ಹನಿಯನ್ನೂ ಬಿಡಲ್ಲ ಅಂತ ಟೌನ್‌ಹಾಲ್ ಮುಂದೆ ಘೋಷಣೆ ಕೂಗಿ ಬಂದು, ನಮ್ಮ ತಾರಸಿಯ ನೀರನ್ನು ನಾವೇ ಪೈಪು ಹಾಕಿ ಕಳಿಸಿಕೊಡುತ್ತೇವೆ. ಇನ್ನೊಂದು ತಮಾಷೆ ಇದೆ. ನಾವು ಕಾವೇರಿ ನೀರು ಎತ್ತುವ ಜಾಗ ಸಂಗಮಕ್ಕಿಂತ ಮೇಲಿದೆ. ಅಂದರೆ ಹೋದ ನೀರನ್ನು ಮತ್ತೆ ಪಂಪ್ ಮಾಡಿಕೊಳ್ಳುವ ಭಾಗ್ಯವೂ ಇಲ್ಲ. ಕಾವೇರಿ ಪಂಪ್‌ಹೌಸ್ ಇರುವ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರಕ್ಕೆ, ಹಾರೋಹಳ್ಳಿ, ತಾತಗುಣಿ ಅಂತ ನಿಂತು ನಿಂತು ಹೊಸ ನೀರನ್ನೇ ಹತ್ತಿಸಬೇಕು.

ಸರ್ಕಾರ ಸುಮ್ನೆ ಕೂತಿಲ್ಲ. 2009ರಲ್ಲೇ ಕಾನೂನು ತಂದಿತು. 60-40ರ ಹಳೆ ಮನೆಗಳು, 30-40ರ ಹೊಸ ಮನೆಗಳು ಮಳೆ ನೀರು ಕೊಯ್ಲು ಮಾಡಲೇಬೇಕು. ಮಾಡದವರಿಗೆ ಆಮೇಲೆ ನೀರಿನ ಬಿಲ್ಲಿನ ಮೇಲೆ ದಂಡವೂ ಬಂತು, ಮೊದಲ ಮೂರು ತಿಂಗಳು ಶೇ 25, ನಂತರ ಶೇ 50. ಜನ ಹೆದರಿ ಮಳೆ ನೀರು ಸೋಸೋಕೆ ಡ್ರಮ್ಮು, ಜಲ್ಲಿ, ಮರಳು ತಂದು ಹಾಕುತ್ತಾರೆ ಅಂತ ಕಾನೂನು ಬರೆದವರು ಅಂದುಕೊಂಡಿರಬೇಕು. ನಮ್ಮ ಜನ ಬೇರೆ ಲೆಕ್ಕ ಹಾಕಿದರು. ಬಿಲ್ಲು ಬರುವುದೇ ಮುನ್ನೂರು ರೂಪಾಯಿ, ಅದರಲ್ಲಿ ಅರ್ಧ ನೂರೈವತ್ತು. ಎರಡು ಮಸಾಲೆ ದೋಸೆ ದುಡ್ಡು. ಅದಕ್ಕೋಸ್ಕರ ಅಂಗಳ ಅಗೆಸೋದಾ? ಹೊಸ ಟೈಲ್ಸ್ ಬೇರೆ ಹಾಕಿಸಿದೆ. ಹೀಗೆ ನೀರೂ ದಂಡ, ಅದಕ್ಕೊಂದು ದಂಡ.

ಯಜಮಾನರ ಮನೆಯಲ್ಲಿ ಡ್ರಮ್ಮೇನೋ ಇದೆ. ನೀಲಿ ಡ್ರಮ್ಮು, ಒಳಗೆ ಜಲ್ಲಿ, ಮೇಲೆ ಮರಳು, ಮಧ್ಯೆ ಜಾಲರಿ, ಎಲ್ಲ ಶಾಸ್ತ್ರೋಕ್ತ. ಮನೆ ಕಟ್ಟಿಸುವಾಗ ನೀರಿನ ಕನೆಕ್ಷನ್‌ಗೆ ಬೇಕು ಅಂದರಂತೆ, ಇಡಿಸಿ ಫೋಟೋ ತೆಗೆಸಿದರು. ಆಮೇಲೆ ಪೈಪು ಕಳಚಿತು. ಈಗ ಅದರಲ್ಲಿ ಕರಿಬೇವಿನ ಗಿಡ ಇದೆ. ಎಲೆ ಘಮಘಮ ಅನ್ನುತ್ತದೆ, ಸುಳ್ಳು ಹೇಳಬಾರದು.

ಅವರ ನಂಬಿಕೆಯೆಲ್ಲ ಬೋರ್‌ವೆಲ್ ಮೇಲಿತ್ತು. ನೀರಿನ ಪಾಯಿಂಟ್ ತೋರಿಸುವವರು ಬಂದರು. ಅಂಗೈ ಮೇಲೆ ಜುಟ್ಟಿನ ತೆಂಗಿನಕಾಯಿ ಮಲಗಿಸಿಕೊಂಡು ಸೈಟಿನಲ್ಲಿ ಮೂರು ಸುತ್ತು ಹಾಕಿದರು. ಕಾರ್ ನಿಲ್ಲಿಸುವ ಜಾಗದಲ್ಲಿ ಕಾಯಿ ಸಟಕ್ಕಂತ ಎದ್ದು ನಿಂತಿತು. ಕೆಳಗಿರುವುದು ಲಾಲ್‌ಬಾಗ್ ಬಂಡೆಯ ಬಳಗ, ಮುನ್ನೂರು ಕೋಟಿ ವರ್ಷದ ಗಟ್ಟಿ ಶಿಲೆ. ಅದರೊಳಗೆ ಕೆರೆಯೂ ಇಲ್ಲ, ನದಿಯೂ ಇಲ್ಲ. ಮೇಲಿಂದ ಇಂಗಿದ ಮಳೆ ಬಿರುಕಿನಲ್ಲಿ ನಿಂತಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೇಲೆ ಕಾಂಕ್ರೀಟು ಹಾಕಿ ಮುಚ್ಚಿದವರು ನಾವೇ. ಈ ಸೂಕ್ಷ್ಮ ಕಾಯಿಗೆ ಗೊತ್ತಿರಲಿಲ್ಲ ಅಂತ ಕಾಣುತ್ತೆ. ತಿರುಚೆಂಗೋಡಿನ ಲಾರಿ ರಾತ್ರಿಯಿಡೀ ಕೊರೆಯಿತು. ಸಾವಿರದ ಇನ್ನೂರು ಅಡಿವರೆಗೆ ಬರೀ ಬಿಳಿ ಪುಡಿ. ಬೀದಿಯ ಕಾರುಗಳೆಲ್ಲ ವಿಭೂತಿ ಬಳಿದುಕೊಂಡು ನಿಂತಿದ್ದವು. ತೊಳೆಯೋಣ ಅಂದರೆ, ಆಗ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ.

2022ರ ಸೆಪ್ಟೆಂಬರ್ ನಿಮಗೆ ನೆನಪಿರಬೇಕು. ಐಟಿ ಕಂಪನಿಗಳ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ವಾರ. ಅದೇ ಹೊತ್ತಿಗೆ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೂ ಮಳೆ ನೀರು ನುಗ್ಗಿ ಪಂಪು ನಿಂತಿತು. ನಡುಮನೆಯಲ್ಲಿ ಮೊಣಕಾಲುದ್ದ ನೀರು, ನಲ್ಲಿಯಲ್ಲಿ ಬರೀ ಗಾಳಿ. ಇಂಥದ್ದನ್ನು ಕತೆಯಲ್ಲಿ ಬರೆದರೆ ಓದುಗರು ಅತಿಯಾಯ್ತು ಅನ್ನುತ್ತಾರೆ.

ಯಜಮಾನರ ಫೋನು ಹೊಡೆದುಕೊಂಡಿತು. ಟ್ಯಾಂಕರ್‌ನವನು. ಮಳೆ ಸದ್ದಿಗೆ ಕೇಳಿಸಲಿಲ್ಲ ಅಂತ ಸ್ಪೀಕರ್ ಹಾಕಿದರು.

"ಸಾರ್, ಇನ್ನೊಂದು ಗಂಟೆ ಆಗುತ್ತೆ. ಅಂಡರ್‌ಪಾಸಲ್ಲಿ ನೀರು ನಿಂತಿದೆ, ಗಾಡಿ ಹೋಗ್ತಿಲ್ಲ."

"ಏನಪ್ಪಾ ಇದು, ಮನೇಲಿ ತೊಟ್ಟು ನೀರಿಲ್ಲ" ಅಂತ ಯಜಮಾನರು ಬೈದರು. ಆಮೇಲೆ ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಪೈಪಿನ ನೀರು ಕಾಲಿಗೆ ಸಿಡಿಯದ ಹಾಗೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು.