ಟರ್ಪಾಲು ಮತ್ತು ರಕ್ತಬೀಜ

ದೊಡ್ಡ ಸಾರಿನ ಫೋನು ಬಂದದ್ದು ರಾತ್ರಿ ಒಂಬತ್ತೂವರೆಗೆ, ನಾನು ಊಟಕ್ಕೆ ಕೂತಾಗಿತ್ತು, ಹಲಸಿನಕಾಯಿ ಪಲ್ಯ ಬಡಿಸಿಯೂ ಆಗಿತ್ತು. "ಎಂದಾಡೋ ಇದು?" ಅಂದ್ರು. ಸಾರು ನನ್ನತ್ರ ಯಾವಾಗ್ಲೂ ಕನ್ನಡದಲ್ಲೇ ಮಾತಾಡುದು, ಮಲಯಾಳಕ್ಕೆ ಇಳಿದ್ರು ಅಂದ್ರೆ ಮಂಡೆ ಬಿಸಿ ಆಗಿದೆ ಅಂತ ಲೆಕ್ಕ. "ಆ ಟರ್ಪಾಲಿನ ಕೊಟೇಶನ್ ಎಷ್ಟು ಸರ್ತಿ ಅಪ್ರೂವ್ ಮಾಡ್ಬೇಕು ಮಾರಾಯ ನಾನು? ಈಗ ಬಂದದ್ದು ಹದಿನೇಳ್ನೇದು."

ನಮ್ಮದು ಅಡಿಕೆ, ಕಾಳುಮೆಣಸು, ಕೊಬ್ಬರಿ ವ್ಯಾಪಾರದ ಒಂದು ಸಣ್ಣ ಆಫೀಸು, ಕಾಸರಗೋಡು ಪೇಟೆಯಲ್ಲಿ. ಗೋಡೌನು ಇರುದು ಬದಿಯಡ್ಕದ ಹತ್ರ. ಮೊದ್ಲೆಲ್ಲ ಗೋಡೌನಿನ ಅಣ್ಣ ಕೊಟೇಶನ್ ಹಿಡ್ಕೊಂಡು ಬಸ್ಸಲ್ಲಿ ಬರ್ತಿದ್ದ, ಅಕೌಂಟ್ಸಿನ ಅಕ್ಕ ಒಂದು ಇನಿಶಿಯಲ್ ಹಾಕ್ತಿದ್ರು, ಸಾರು ಸೈನ್ ಹಾಕ್ತಿದ್ರು, ನಡುವಲ್ಲಿ ಒಂದು ಚಾ, ಯಾರ ಮನೆಯಲ್ಲಿ ಪೂಜೆ, ಯಾರ ತೋಟಕ್ಕೆ ಕೊಳೆರೋಗ, ಒಟ್ರಾಶಿ ಅರ್ಧ ಗಂಟೆಯ ಕೆಲಸ. ಈ ಅರ್ಧ ಗಂಟೆಯನ್ನು ಉಳಿಸ್ಲಿಕ್ಕೆ ಅಂತ ಎಲ್ಲ ಆನ್‌ಲೈನ್ ಆಗ್ಬೇಕು ಅಂತ ತೀರ್ಮಾನ ಆಯ್ತು. ಹಿಂದೊಮ್ಮೆ ನಾನು ಪ್ರಿಂಟರನ್ನು ಆಫ್ ಮಾಡಿ ಆನ್ ಮಾಡಿ ಸರಿ ಮಾಡಿದ್ದೆ, ಹಾಗಾಗಿ ಆಫೀಸಿನಲ್ಲಿ ಕಂಪ್ಯೂಟರ್ ಗೊತ್ತಿದ್ದವ ಅಂದ್ರೆ ನಾನೇ.

ಶೇರ್‌ಪಾಯಿಂಟಲ್ಲಿ, ಅಂದ್ರೆ ಆಫೀಸಿನವರೆಲ್ಲ ಫೈಲು ಹಂಚಿಕೊಳ್ಳುವ ಮೈಕ್ರೋಸಾಫ್ಟಿನ ಆನ್‌ಲೈನ್ ಜಾಗದಲ್ಲಿ, ಫೈಲು ಇಡ್ಲಿಕ್ಕೆ ಒಂದು ಲೈಬ್ರರಿ ಮಾಡಿದೆ. ಫೈಲನ್ನು ಅದಕ್ಕೆ ಹಾಕಿದ ಕೂಡ್ಲೆ ಅಕ್ಕನಿಗೂ ಸಾರಿಗೂ ಮೇಲ್ ಹೋಗ್ಬೇಕು, ಇಬ್ರೂ ಒತ್ತಿದ ಮೇಲೆ ಸ್ಟೇಟಸ್ ಕಾಲಮ್ಮಿನಲ್ಲಿ ಪೆಂಡಿಂಗ್ ಹೋಗಿ ಅಪ್ರೂವ್ಡ್ ಬರ್ಬೇಕು, ಇಷ್ಟೇ. ಯೂಟ್ಯೂಬಲ್ಲಿ ಮೊದ್ಲು ಸಿಕ್ಕಿದ ವಿಡಿಯೋ ಶೇರ್‌ಪಾಯಿಂಟ್ 2010 ವರ್ಕ್‌ಫ್ಲೋದ್ದು, ಅರ್ಧ ದಿನ ನೋಡಿದ ಮೇಲೆ ಗೊತ್ತಾಯ್ತು ಆನ್‌ಲೈನಲ್ಲಿ ಅದನ್ನು 2020ರಲ್ಲೇ ಬಂದ್ ಮಾಡಿದ್ದಾರೆ ಅಂತ. ಇಂಥ ಕೆಲಸವನ್ನೆಲ್ಲ ತನ್ನಷ್ಟಕ್ಕೇ ಮಾಡಿಸ್ಲಿಕ್ಕೆ ಈಗ ಇರುದು ಪವರ್ ಆಟೋಮೇಟ್. 2019ರವರೆಗೆ ಅದಕ್ಕೆ ಫ್ಲೋ ಅಂತ ಹೆಸ್ರಿತ್ತು, ನಾವು ಈಗ್ಲೂ ಫ್ಲೋ ಅಂತಲೇ ಹೇಳುದು.

ಫ್ಲೋ ಯಾವಾಗ ಶುರು ಆಗ್ಬೇಕು ಅಂತ ಕೇಳ್ತದೆ. "ಫೈಲ್ ಹೊಸತಾಗಿ ಬಂದಾಗ" ಅಂತ ಒಂದು, "ಹೊಸತಾಗಿ ಬಂದಾಗ ಅಥವಾ ಬದಲಾದಾಗ" ಅಂತ ಇನ್ನೊಂದು. ಎರಡ್ನೇದರಲ್ಲಿ ಒಂದು ಮಾತು ಜಾಸ್ತಿ ಉಂಟಲ್ಲ, ಇರ್ಲಿ ಅಂತ ಅದನ್ನೇ ಒತ್ತಿದೆ. ಮದುವೆ ಊಟದಲ್ಲಿ ಹೋಳಿಗೆ ಒಂದು ಜಾಸ್ತಿ ಹಾಕಿಸಿಕೊಂಡ ಹಾಗೆ.

ಊಟ ಅಲ್ಲೇ ಬಿಟ್ಟು ಲ್ಯಾಪ್‌ಟಾಪ್ ತೆಗ್ದೆ. ರನ್ ಹಿಸ್ಟರಿಯಲ್ಲಿ ಸಾಲಾಗಿ ಹದಿನಾರು ಹಸಿರು ಟಿಕ್ಕು, ಎಲ್ಲದ್ರ ಪಕ್ಕದಲ್ಲೂ ಸಕ್ಸೀಡೆಡ್. ಎಂತ ಸಕ್ಸೀಡೋ. ಆಮೇಲೆ ನಿಧಾನಕ್ಕೆ ತಲೆಗೆ ಹೋಯ್ತು. ಇಬ್ರೂ ಒತ್ತಿದ ಮೇಲೆ ಫ್ಲೋ ಹೋಗಿ ಸ್ಟೇಟಸ್ಸಲ್ಲಿ ಅಪ್ರೂವ್ಡ್ ಅಂತ ಬರೀತದೆ, ಬರೆದ ಕೂಡ್ಲೆ ಫೈಲು "ಬದಲಾಯ್ತು", ಬದಲಾದ್ರೆ ಫ್ಲೋ ಪುನಃ ಶುರು, ಪುನಃ ಇಬ್ರಿಗೂ ಮೇಲ್. ಯಕ್ಷಗಾನದ ಆಟದಲ್ಲಿ ರಕ್ತಬೀಜ ಬರ್ತಾನಲ್ಲ, ದೇವಿ ಕಡಿದಷ್ಟೂ, ಒಂದೊಂದು ಹನಿ ರಕ್ತ ನೆಲಕ್ಕೆ ಬಿದ್ದಷ್ಟೂ ಇನ್ನೊಬ್ಬ ಎದ್ದು ನಿಲ್ತಾನೆ, ಅದೇ ಕಥೆ. ಸಾರು ಒಂದೊಂದು ಸರ್ತಿ ಅಪ್ರೂವ್ ಒತ್ತಿದ್ದೂ ಒಂದೊಂದು ಹನಿ.

ಆದ್ರೆ ಇಬ್ರೂ ಒತ್ತದೆ ಮುಂದೆ ಹೋಗುದಿಲ್ಲ ಅಂತ ನಾನೇ ಇಟ್ಟದ್ದು. ಅಂದ್ರೆ ಅಕ್ಕನೂ ಹದಿನಾರು ಸರ್ತಿ ಒತ್ತಿದ್ದಾರೆ! ಒಂದು ಫೋನಿಲ್ಲ, ಒಂದು ಮೆಸೇಜಿಲ್ಲ. ಮರುದಿನ ಕೇಳಿದ್ರೆ, "ಉಂದು ದಾದ ಮಾರಾಯ, ಬಂದ ಕೂಡ್ಲೆ ಒತ್ತಿ ಅಂತ ನೀನೇ ಅಲ್ವಾ ಹೇಳಿದ್ದು? ಬಂತು, ಒತ್ತಿದೆ" ಅಂದ್ರು. ಅಕ್ಕನಂಥವರು ಇರುವಷ್ಟು ದಿನ ಯಾವ ಸಾಫ್ಟ್‌ವೇರೂ ತಾನು ತಪ್ಪು ಅಂತ ಒಪ್ಪಿಕೊಳ್ಳುದಿಲ್ಲ.

ಮದ್ದು ಇತ್ತು. ಸ್ಟೇಟಸ್ ಪೆಂಡಿಂಗ್ ಇದ್ರೆ ಮಾತ್ರ ಶುರು ಆಗು ಅಂತ ಟ್ರಿಗರಿಗೆ, ಅಂದ್ರೆ ಫ್ಲೋವನ್ನು ಎಬ್ಬಿಸುವ ಭಾಗಕ್ಕೆ, ಒಂದು ಕಂಡೀಷನ್ ಬರೀಬೇಕು. ಬರೆದೆ. ಕೊಟೇಶನ್ನನ್ನು ಪುನಃ ಪೆಂಡಿಂಗ್ ಮಾಡಿದೆ. ಎಲ್ಲ ಶಾಂತ ಆಯ್ತು. ಶಾಂತ ಅಂದ್ರೆ ಮೂರು ದಿನ ಯಾರಿಗೂ ಯಾವ ಮೇಲೂ ಇಲ್ಲ. ಸಾರು ಖುಷಿಯಲ್ಲಿದ್ರು, ನಾನೂ ಖುಷಿಯಲ್ಲಿದ್ದೆ. ಗೋಡೌನಿನ ಅಣ್ಣ ಫೋನ್ ಮಾಡಿ "ಮೋಡ ಹಾಕ್ತಾ ಉಂಟು, ಟರ್ಪಾಲು ಎಂತ ಆಯ್ತು?" ಅಂದಾಗ್ಲೇ ಎಚ್ಚರ ಆದದ್ದು. ಹಿಸ್ಟರಿ ನೋಡಿದ್ರೆ ಫೇಲಾದದ್ದೂ ಇಲ್ಲ, ಪಾಸಾದದ್ದೂ ಇಲ್ಲ, ಫ್ಲೋ ಎದ್ದೇ ಇಲ್ಲ. ಸ್ಟೇಟಸ್ ಅಂತ ಬರೆದ್ರೆ ಸಾಲದಂತೆ ಮಾರ್ರೆ, ಅದು ಪಟ್ಟಿಯಿಂದ ಒಂದನ್ನು ಆರಿಸುವ ಚಾಯ್ಸ್ ಕಾಲಮ್ಮಲ್ವಾ, ಸ್ಟೇಟಸ್ಸಿನ ಮುಂದೆ ಒಂದು ಸ್ಲ್ಯಾಶ್ ಹಾಕಿ ವ್ಯಾಲ್ಯೂ ಅಂತ ಬರೀಬೇಕಂತೆ. ಆ ಒಂದು ಓರೆ ಗೀಟಿಗೆ ಮೂರು ದಿನ.

ಗೀಟು ಹಾಕಿದೆ, ಮೇಲ್ ಹೋಯ್ತು, ಅಕ್ಕ ಒತ್ತಿದ್ರು, ಸಾರೂ ಒತ್ತಿದ್ರು (ಒತ್ತುವ ಮೊದ್ಲು ನನ್ನನ್ನು ಕ್ಯಾಬಿನಿಗೆ ಕರ್ದು "ಇದು ಕೊನೇದಾ?" ಅಂತ ಕೇಳಿ). ಈ ಸರ್ತಿ ಕೆಂಪು ಬಂತು. ಫೈಲು ಲಾಕ್ ಆಗಿದೆ, ಗೋಡೌನಿನ ಅಣ್ಣನ ಹೆಸರಲ್ಲಿ. ಫೋನ್ ಮಾಡಿದ್ರೆ ಅವ ಹೋಟ್ಲಲ್ಲಿ ಗೋಳಿಬಜೆ ತಿನ್ತಾ ಇದ್ದ.

"ಅಣ್ಣ, ಅದು ಲಾಕಾಗಿದೆ."

"ನಾನು ಲಾಕ್ ಮಾಡ್ಲೇ ಇಲ್ಲ. ಗೋಡೌನು ಬಾಗಿಲು ಹಾಕದೆ ಬಂದಿದ್ದೇನೆ, ಬೀಗವೂ ಕೀಯೂ ಎರಡೂ ನನ್ನ ಕಿಸೆಯಲ್ಲೇ ಉಂಟು."

ಗೋಡೌನಿನ ಬೀಗ ಅಲ್ಲ, ಎಕ್ಸೆಲ್ ಓಪನ್ ಇಟ್ಟು ಬಂದಿದ್ದೀಯಲ್ಲ ಅದು, ನೀನು ತೆರೆದು ಇಟ್ರೆ ಫ್ಲೋಗೆ ಅದರಲ್ಲಿ ಬರೀಲಿಕ್ಕೆ ಆಗುದಿಲ್ಲ ಅಂತ ವಿವರಿಸಿದೆ. "ತೆರೆದಿಟ್ರೆ ಲಾಕಾಗ್ತದಾ?" ಅಂದ. ಅವನ ಪ್ರಶ್ನೆಯಲ್ಲಿ ನ್ಯಾಯ ಇತ್ತು. ಬಿಸಿ ಬಿಸಿ ಉಂಟು, ತಿಂದು ಹೋಗಿ ಕ್ಲೋಸ್ ಮಾಡ್ತೇನೆ ಅಂದ. ಅಷ್ಟರಲ್ಲಿ ಬದಿಯಡ್ಕದಲ್ಲಿ ಕರೆಂಟ್ ಹೋಯ್ತು.

ಬೆಳಿಗ್ಗೆ ಒಂಬತ್ತು ಗಂಟೆಗೆ ಸಾರಿಗೆ ನೆನಪಿನ ಮೇಲ್ ಹೋಗ್ಲಿ ಅಂತ ಇನ್ನೊಂದು ಫ್ಲೋ ಮಾಡಿದ್ದೆ, ಅದು ದಿನಾ ಹೋಗ್ತಾ ಇದ್ದದ್ದು ಮಧ್ಯಾಹ್ನ ಎರಡೂವರೆಗೆ, ಸಾರು ಊಟ ಆಗಿ ಕುರ್ಚಿಯಲ್ಲೇ ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ. ಟೈಮ್ ಝೋನ್ ಹಾಕದಿದ್ರೆ ಅದು ಯುಟಿಸಿ, ಅಂದ್ರೆ ಇಡೀ ಪ್ರಪಂಚಕ್ಕೆ ಒಂದೇ ಗಡಿಯಾರದ ಲೆಕ್ಕ ಹಿಡೀತದೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಇದ್ರ ಬಗ್ಗೆ ಜಾಸ್ತಿ ಹೇಳುದಿಲ್ಲ, ಬೈಗುಳ ಮಲಯಾಳದಲ್ಲೇ ಬಂತು.

ಅಂತೂ ಗುರುವಾರ ಸಂಜೆ ಸ್ಟೇಟಸ್ ಅಪ್ರೂವ್ಡ್ ಆಯ್ತು. ಐದು ನಿಮಿಷ ನೋಡ್ತಾ ಕೂತೆ, ಎರಡ್ನೇ ಮೇಲ್ ಹೋಗ್ಲಿಲ್ಲ. ಅಕ್ಕನಿಗೆ ನಾನೇ ಚಾ ತರಿಸಿದೆ. ಹೊರಗೆ ಮಳೆ ಶುರು ಆಗಿತ್ತು, ಗೋಡೌನಿಗೆ ಫೋನ್ ಮಾಡಿ ನಾಳೆಯೇ ಟರ್ಪಾಲು ತರ್ಬಹುದು ಅಂದೆ.

"ಅದು ಹೋದ ವಾರವೇ ತಂದು ಕಟ್ಟಿ ಆಗಿದೆ" ಅಂದ ಅಣ್ಣ. "ಅಂಗಡಿಯವ ಪರಿಚಯದವ, ಮತ್ತೆ ಕೊಡಿ ಅಂದ. ಹಾಂ, ಒಂದು ವಿಷಯ. ಕೊಟೇಶನಲ್ಲಿ ಅಳತೆ ಸ್ವಲ್ಪ ಕಮ್ಮಿ ಹಾಕಿತ್ತು, ಈಗ ಆ ಫೈಲ್ ತೆಗ್ದು ಸರಿ ಮಾಡಿದೆ. ರೇಟೂ ಒಂಚೂರು ಜಾಸ್ತಿ ಆಗ್ತದೆ. ಅದು ಪುನಃ ಎಲ್ರಿಗೂ ಹೋಗುದಿಲ್ಲ ಅಲ್ವಾ?"

ತೆಗ್ದು ನೋಡಿದೆ. ರೇಟು ಹೊಸತು, ಸ್ಟೇಟಸ್ಸು ಹಳತು. ಅಪ್ರೂವ್ಡ್ ಅಂತ ಹಾಗೇ ಕೂತಿದೆ, ಪೆಂಡಿಂಗ್ ಇದ್ರೆ ಮಾತ್ರ ಏಳು ಅಂತ ನಾನೇ ಅಲ್ವಾ ಬರ್ದದ್ದು, ಇನ್ನು ಅವ ಒಂದು ಸೊನ್ನೆ ಜಾಸ್ತಿ ಸೇರಿಸಿದ್ರೂ ಫ್ಲೋ ಮಗ್ಗುಲು ಬದಲಿಸುದಿಲ್ಲ.

ಸಾರಿಗೆ ಹೇಳ್ಬೇಕು. ಪುನಃ ಪೆಂಡಿಂಗ್ ಮಾಡಿ ಮೇಲ್ ಕಳಿಸುವ ಧೈರ್ಯ ನನಗಿಲ್ಲ. ಒಂದು ಪ್ರಿಂಟ್ ತೆಗ್ದೆ, ಪೆನ್ನು ಹಿಡ್ಕೊಂಡೆ, ಸಾರಿಗೂ ಒಂದು ಚಾ ಹೇಳಿ ಕ್ಯಾಬಿನಿನ ಬಾಗಿಲು ದೂಡಿದೆ.