"ನಂಗೆ ಬರುತ್ತೆ" ಅನ್ನುವ ಮಗುವನ್ನು ತಿದ್ದಬೇಡಿ

ಮಕ್ಕಳಿಗೆ ಆಟ ಹೇಳಿಕೊಡುವುದು ನನ್ನ ಕೆಲಸ. ಬೌದ್ಧಿಕ ವಿಕಲತೆ ಇರುವ ಒಬ್ಬ ಹುಡುಗನಿಗೆ ನಾಲ್ಕು ಸಲ ಚೆಂಡು ಎಸೆದೆ. ನಾಲ್ಕು ಸಲವೂ ಚೆಂಡು ಎದೆಗೆ ಬಡಿದು ನೆಲಕ್ಕೆ ಬಿದ್ದ ಮೇಲೆ ಅವನ ಎರಡು ಕೈ ಒಂದಾದವು. "ಹಿಡಿಯೋಕೆ ಬರುತ್ತಾ?" ಅಂದೆ. "ಓ, ಸೂಪರಾಗಿ!" ಅಂದ. ಪಕ್ಕದಲ್ಲಿದ್ದ ಅವನಮ್ಮ ಮುಖ ಸಣ್ಣದು ಮಾಡಿಕೊಂಡು, "ಅವನಿಗೆ ಗೊತ್ತಾಗಲ್ಲ ಸರ್" ಅಂದರು.

ಮೊದಲು ನಾನು ಕೇಳಿದ ರೀತಿಯೇ ಸರಿಯಿರಲಿಲ್ಲ. "ಬರುತ್ತಾ?" ಅಂದರೆ ಇಂಥ ಮಕ್ಕಳಲ್ಲಿ ಎಷ್ಟೋ ಜನ ಸುಮ್ನೆ ಹೂಂ ಅಂದುಬಿಡುತ್ತಾರೆ. ಸೂಸನ್ ಹಾರ್ಟರ್ ಮತ್ತು ರಾಬಿನ್ ಪೈಕ್ ಅನ್ನುವ ಸಂಶೋಧಕರು 1984ರಲ್ಲಿ ಪುಟ್ಟ ಮಕ್ಕಳಿಗಾಗಿ ಚಿತ್ರ ತೋರಿಸಿ ಕೇಳುವ ದಾರಿ ಮಾಡಿಕೊಟ್ಟರು. ಒಂದು ಚಿತ್ರದಲ್ಲಿ ಚೆನ್ನಾಗಿ ಓಡುವ ಮಗು, ಇನ್ನೊಂದರಲ್ಲಿ ಅಷ್ಟು ಚೆನ್ನಾಗಿ ಓಡಲಾಗದ ಮಗು. ನೀನು ಯಾರ ಥರ? ತುಂಬಾ ಅದೇ ಥರ ಅಂದರೆ ದೊಡ್ಡ ವೃತ್ತ ಮುಟ್ಟಬೇಕು, ಸ್ವಲ್ಪ ಅಂದರೆ ಸಣ್ಣ ವೃತ್ತ. ಮಾತು ಕಮ್ಮಿ ಇರುವ ಮಗುವೂ ಬೆರಳಿಟ್ಟು ಹೇಳಬಹುದು.

ಹೀಗೆ ಕೇಳಿದರೂ ಅನೇಕರು ತಮಗೆ ನಿಜಕ್ಕಿಂತ ಜಾಸ್ತಿಯೇ ಬರುತ್ತೆ ಅಂದುಕೊಳ್ಳುತ್ತಾರೆ. ಅದಕ್ಕೇನು? ನಾಲ್ಕೈದು ವರ್ಷದ ಯಾವ ಮಗುವಾದರೂ ಹಾಗೆಯೇ ಅಲ್ವಾ? ಪಕ್ಕದವನ ಜೊತೆ ಅಳೆದು ನೋಡುವುದು ಏಳೆಂಟು ವರ್ಷದ ಹೊತ್ತಿಗೆ ಶುರುವಾಗುತ್ತದೆ. ಈ ಮಕ್ಕಳಿಗೆ ಅದು ಇನ್ನೂ ತಡ. ಹುಟ್ಟಿನಿಂದಲೇ ಬರುವ, ಬೌದ್ಧಿಕ ವಿಕಲತೆಗೆ ಒಂದು ಕಾರಣವಾದ ಡೌನ್ ಸಿಂಡ್ರೋಮ್ ಇದ್ದರೆ ಸ್ನಾಯುಗಳ ಬಿಗಿ ಕಮ್ಮಿ, ಕೀಲುಗಳು ಸಡಿಲ. ಒಂದು ಜಿಗಿತ ಕಲಿಯೋಕೆ ಬೇರೆಯವರಿಗಿಂತ ಎಷ್ಟೋ ಹೆಚ್ಚು ಸಲ ಬೀಳಬೇಕು. ಬರುತ್ತೆ ಅನ್ನುವ ನಂಬಿಕೆ ಇಲ್ಲದಿದ್ದರೆ ಯಾರು ಅಷ್ಟು ಸಲ ಏಳುತ್ತಾರೆ? ನೀರು, ಎತ್ತರದ ಜಾಗ ಬೇರೆ ಮಾತು. ಅಲ್ಲಿ ಮಗುವಿನ ಮಾತು ನಂಬಿ ದೂರ ನಿಲ್ಲಬಾರದು.

ನನಗೆ ಸಂಕಟ ಆಗುವುದು ಹದಿಮೂರು ಹದಿನಾಲ್ಕರ ಮಕ್ಕಳನ್ನು ನೋಡಿದಾಗ. ಚೆಂಡು ಮುಟ್ಟುವ ಮೊದಲೇ "ನಂಗೆ ಬರಲ್ಲ" ಅನ್ನುತ್ತಾರೆ. ಅದನ್ನು ಕಲಿಸಿದವರು ನಾವು. ಹೊತ್ತಾಯಿತು ಅಂತ ಶೂ ಲೇಸ್ ನಾವೇ ಕಟ್ಟಿದೆವು. ಆಟ ನಡೆಯುವಾಗ ಎಲ್ಲರ ನೀರಿನ ಬಾಟಲಿ ಕಾಯೋಕೆ ಕೂರಿಸಿದೆವು. ಬೌದ್ಧಿಕ ವಿಕಲತೆ ಇರುವವರಿಗಾಗಿ 1968ರಲ್ಲಿ ಶುರುವಾದ ಸ್ಪೆಷಲ್ ಒಲಿಂಪಿಕ್ಸ್‌ ಕ್ರೀಡಾಕೂಟದಲ್ಲಿ ಹೆಚ್ಚೂಕಮ್ಮಿ ಒಂದೇ ಮಟ್ಟದವರನ್ನು ಒಂದು ಗುಂಪು ಮಾಡಿ ಓಡಿಸುತ್ತಾರೆ. ಅಂಥ ಓಟದಲ್ಲಿ ಸೋತವನಿಗೂ ಮುಂದಿನವನ ಬೆನ್ನು ಹತ್ತಿರದಲ್ಲೇ ಕಾಣುತ್ತದೆ. ಪ್ರತಿ ಶಾಲೆಯ ಮೈದಾನದಲ್ಲೂ ಹೀಗೆ ಮಾಡೋಕೆ ಏನು ಕಷ್ಟ?

ಆ ಹುಡುಗನಿಗೆ ಮಾರನೇ ದಿನ ಬಲೂನು ಎಸೆದೆ. ಬಲೂನು ನಿಧಾನಕ್ಕೆ ಇಳಿಯುತ್ತದೆ, ಕೈ ಸೇರಿಸೋಕೆ ಪುರುಸೊತ್ತು ಸಿಗುತ್ತದೆ. ಆಮೇಲೆ ಗಾಳಿ ತುಂಬಿದ ದೊಡ್ಡ ಚೆಂಡು, ಆಮೇಲೆ ಸ್ಪಂಜಿನದು. ಈಗ ಐದರಲ್ಲಿ ಎರಡು ಹಿಡಿಯುತ್ತಾನೆ. ಹಿಡಿದಾಗೆಲ್ಲ ಮೊದಲು ಅಮ್ಮನ ಕಡೆ ನೋಡುತ್ತಾನೆ.