ಚಿಕ್ಕಪೇಟೆಯನ್ನು ಕಟ್ಟಿದ್ದು ಬ್ರಿಟಿಷರಲ್ಲ: ಒಂದು ಸ್ಪಷ್ಟನೆ

‘ಚಿಕ್ಕಪೇಟೆ, ಬಳೇಪೇಟೆ, ಅವೆನ್ಯೂ ರಸ್ತೆ ಎಲ್ಲವನ್ನೂ ಕಟ್ಟಿದವರು ಬ್ರಿಟಿಷರು, ಅದಕ್ಕೂ ಮೊದಲು ಇಲ್ಲಿ ಬರೀ ಕಾಡು’ ಎಂಬ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಬೆಂಗಳೂರಿನ ಹಳೆಯ ಊರಾದ ಈ ಪೇಟೆಯನ್ನು ಕಟ್ಟಿಸಿದವರು ಒಂದನೇ ಕೆಂಪೇಗೌಡರು. 1537ರಲ್ಲಿ ಮಣ್ಣಿನ ಕೋಟೆಯ ಜೊತೆಗೇ ಹುಟ್ಟಿಕೊಂಡ ಊರು ಅದು. ದೊಡ್ಡಪೇಟೆ, ಅಂದರೆ ಇಂದಿನ ಅವೆನ್ಯೂ ರಸ್ತೆ, ಚಿಕ್ಕಪೇಟೆಯನ್ನು ಸಂಧಿಸುವ ಚೌಕವೇ ಅದರ ನಡುಮಧ್ಯ. ಸುತ್ತ ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ: ಒಂದೊಂದು ಕಸುಬಿಗೆ ಒಂದೊಂದು ಕೇರಿ. ಇನ್ನು ಬೆಂಗಳೂರು ಎಂಬ ಹೆಸರಂತೂ ಕೆಂಪೇಗೌಡರಿಗಿಂತಲೂ ಹಳೆಯದು, ಸುಮಾರು ಕ್ರಿ.ಶ. 890ರ ಬೇಗೂರಿನ ವೀರಗಲ್ಲಿನಲ್ಲೇ ಇದೆ.

1791ರ ಮಾರ್ಚ್‌ನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ವಶದಲ್ಲಿದ್ದ ಬೆಂಗಳೂರಿಗೆ ಬಂದಾಗ ಮೊದಲು ನುಗ್ಗಿದ್ದು ಈ ಪೇಟೆಗೇ, ಆಮೇಲೆ ಕೋಟೆಗೆ. ಬರೀ ಕಾಡಿಗೆ ಯಾರಾದರೂ ಮುತ್ತಿಗೆ ಹಾಕುತ್ತಾರೆಯೇ?

ಬ್ರಿಟಿಷರು ಕಟ್ಟಿದ್ದು ದಂಡು ಪ್ರದೇಶ (ಕಂಟೋನ್ಮೆಂಟ್), ಅದೂ 1809ರ ಹೊತ್ತಿಗೆ. ಪೇಟೆಗೂ ದಂಡಿಗೂ ಬೇರೆ ಬೇರೆ ಆಡಳಿತವಿತ್ತು. ಒಂದೇ ಪಾಲಿಕೆಯಾದದ್ದು 1949ರಲ್ಲಿ. ಮಲ್ಲೇಶ್ವರ, ಬಸವನಗುಡಿಗಳನ್ನೂ ಅದೇ ಸಂದೇಶ ಬ್ರಿಟಿಷರ ಲೆಕ್ಕಕ್ಕೆ ಬರೆದಿದೆ. ಆದರೆ ಅವು ಮೈಸೂರು ಸಂಸ್ಥಾನದ ಆಡಳಿತದಲ್ಲಿ ಆದ ಬಡಾವಣೆಗಳು. 1898ರ ಪ್ಲೇಗಿನ ನಂತರ ಇಕ್ಕಟ್ಟಾದ ಪೇಟೆಯಿಂದ ಜನ ಅಲ್ಲಿಗೆ ಸರಿದರು.

ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.